ಪಾಪಾಂತ್ಲಾ: ವೆನಿಲ್ಲಾದ ತವರೂರಿಗೆ ಅಪ್ಪಯ್ಯನನ್ನು ಕರೆದೊಯ್ಯುತ್ತಿದ್ದೇನೆ, ತಿಳಿದವರು ಹೇಳಿ

ಸೊಪ್ಪಿನಬೆಟ್ಟ

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ತಾಲ್ಲೂಕಿನವನು. ಎರಡು ವರ್ಷದಿಂದ ಕೆಲಸದ ಮೇಲೆ ಮೆಕ್ಸಿಕೋದ ಕೆರೆತಾರೋ ನಗರದಲ್ಲಿದ್ದೇನೆ. ಮುಂದಿನ ತಿಂಗಳು ಅಪ್ಪಯ್ಯ, ಅಮ್ಮ ಇಬ್ಬರೂ ಬರುತ್ತಿದ್ದಾರೆ. ನೋಡುವ ಜಾಗಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳುತ್ತಾ ಹೋದೆ. ಅಪ್ಪಯ್ಯ ಎಲ್ಲ ಕೇಳಿಸಿಕೊಂಡು ಕೊನೆಗೆ, "ವೆನಿಲ್ಲಾ ಹುಟ್ಟಿದ ಊರು ಅಲ್ಲೇ ಎಲ್ಲೋ ಇದೆಯಲ್ಲ, ದೂರವೇ?" ಎಂದರು.

ನಮ್ಮ ಅಡಿಕೆ ತೋಟದಲ್ಲಿ 1999ರಿಂದ 2005ರವರೆಗೆ ವೆನಿಲ್ಲಾ ಇತ್ತು. ಬೆಲೆ ಏರಿದ ಕಥೆ, ಬಿದ್ದ ಕಥೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅಪ್ಪಯ್ಯ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ ದಿನ ನಾನು ಮನೆಯಲ್ಲೇ ಇದ್ದೆ. ಆದರೆ ದಿನಕ್ಕೆ ಎಷ್ಟು ಹೂವಿಗೆ ಪರಾಗಸ್ಪರ್ಶ ಮಾಡಿದೆವು ಎಂದು ಬರೆದಿಟ್ಟ ನೋಟ್ ಪುಸ್ತಕವನ್ನು ಮಾತ್ರ ಅವರು ಇಂದಿಗೂ ಎಸೆದಿಲ್ಲ.

ಆ ಊರು ವೆರಾಕ್ರೂಸ್ ರಾಜ್ಯದ ಉತ್ತರದಲ್ಲಿರುವ ಪಾಪಾಂತ್ಲಾ ಎಂದು ತಿಳಿಯಿತು. ಜೂನ್‌ನಲ್ಲಿ ಕೋರ್ಪುಸ್ ಕ್ರಿಸ್ತಿ ಹಬ್ಬದ ಹೊತ್ತಿಗೆ ಹೋಗೋಣವೆಂದಿದ್ದೇನೆ. ಎಷ್ಟು ದಿನ ಬೇಕು? 71 ವರ್ಷದವರು ಓಡಾಡಬಹುದೇ? ಕಂಬದಿಂದ ಹಾರುವವರನ್ನು ಬಿಟ್ಟು ಬೇರೆ ಏನಿದೆ? ಬೆಳೆಗಾರರ ತೋಟಕ್ಕೆ ಹೋಗಲು ಸಾಧ್ಯವೇ?

ಕಡಲತೀರ

ಮೂರು ದಿನ ಇಟ್ಟುಕೊಳ್ಳಿ. ರಾಜಧಾನಿಯ ಉತ್ತರ ಬಸ್ ನಿಲ್ದಾಣದಿಂದ ನೇರ ಬಸ್ಸುಗಳಿವೆ, ಹೆಚ್ಚುಕಡಿಮೆ ಐದು ತಾಸು. ಎತ್ತರದ ಪ್ರಸ್ಥಭೂಮಿಯಿಂದ ಇಳಿಯುತ್ತಾ ಬಂದಂತೆ ಸ್ವೆಟರ್ ಬಿಚ್ಚಬೇಕಾಗುತ್ತದೆ. ಊರು ಸಮುದ್ರ ಮಟ್ಟದಿಂದ ಸುಮಾರು 200 ಮೀಟರ್ ಎತ್ತರದ ಗುಡ್ಡಗಳ ಮೇಲಿದೆ. ಜೂನ್‌ನಲ್ಲಿ ಸೆಕೆ, ಬೆವರು, ಸಂಜೆ ಮಳೆ. ನಿಮ್ಮ ತಂದೆಯವರಿಗೆ ಹವೆ ಹೊಸದೆನಿಸದು, ನಮ್ಮ ಘಟ್ಟದ ಕೆಳಗಿನ ಹವೆಯೇ. ಆದರೆ ಬೀದಿಗಳು ಬಹಳ ಕಡಿದು. ಚೌಕದ ಹತ್ತಿರವೇ ಕೋಣೆ ಹಿಡಿಯಿರಿ. ಬೆಟ್ಟದ ನೆತ್ತಿಯ ಮೇಲಿರುವ ವೊಲಾದೋರ್ (ಕಂಬದಿಂದ ಹಾರುವವನು) ಸ್ಮಾರಕಕ್ಕೆ ಟ್ಯಾಕ್ಸಿಯಲ್ಲೇ ಹೋಗಿ.

ಹೊಸಬ_42

ವೆನಿಲ್ಲಾ ಮಡಗಾಸ್ಕರ್‌ನದಲ್ಲವೇ? ಐಸ್‌ಕ್ರೀಮ್ ಡಬ್ಬಿಯ ಮೇಲೆ ಹಾಗೆಯೇ ಬರೆದಿರುತ್ತದೆ.

ಬಳ್ಳಿಮನೆ

@ಹೊಸಬ_42 ಈಗ ಅತಿ ಹೆಚ್ಚು ಬೆಳೆಯುವುದು ಮಡಗಾಸ್ಕರ್, ನಿಜ. ಹುಟ್ಟೂರು ಮಾತ್ರ ಮೆಕ್ಸಿಕೋದ ಈ ಕಾಡುಗಳು. ಇಲ್ಲಿನ ಮೂಲನಿವಾಸಿಗಳಾದ ತೊತೊನಾಕ್ ಜನ ಇದನ್ನು ಶನತ್ ಎನ್ನುತ್ತಾರೆ. ಅವರನ್ನು ಗೆದ್ದ ಅಜ್ಟೆಕರು ಕಪ್ಪ ಕಾಣಿಕೆಯಾಗಿ ಪಡೆದು ಚಾಕೊಲೇಟ್ ಪಾನೀಯಕ್ಕೆ ಹಾಕಿದರು. ಅವರ ಭಾಷೆಯಲ್ಲಿ ಇದರ ಹೆಸರು ತ್ಲಿಲ್‌ಶೋಚಿತ್ಲ್, ಎಂದರೆ ಕಪ್ಪು ಹೂ. ಹೂ ಕಪ್ಪಲ್ಲ, ಹಳದಿ ಹಸಿರು. ಕಪ್ಪಾಗುವುದು ಹದ ಮಾಡಿದ ಕೋಡು.

19ನೇ ಶತಮಾನದ ನಡುವಿನವರೆಗೂ ಜಗತ್ತಿಗೆ ವೆನಿಲ್ಲಾ ಕೊಡುತ್ತಿದ್ದದ್ದು ಮೆಕ್ಸಿಕೋ ಒಂದೇ, ಅದರಲ್ಲೂ ಪಾಪಾಂತ್ಲಾದ ಸುತ್ತಮುತ್ತ. ಬಳ್ಳಿಯನ್ನು ಯುರೋಪಿಗೂ ಹಿಂದೂ ಮಹಾಸಾಗರದ ದ್ವೀಪಗಳಿಗೂ ಕೊಂಡೊಯ್ದು ನೆಟ್ಟರು, ಹೂ ಬಿಟ್ಟಿತು, ಕೋಡು ಕಟ್ಟಲಿಲ್ಲ. 1836ರಲ್ಲಿ ಬೆಲ್ಜಿಯಂನ ಚಾರ್ಲ್ಸ್ ಮೋರೆನ್ ಕೈಯಿಂದ ಪರಾಗಸ್ಪರ್ಶ ಮಾಡಿ ತೋರಿಸಿದ. ತೋಟದಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು 1841ರಲ್ಲಿ, ರಿಯೂನಿಯನ್ ದ್ವೀಪದಲ್ಲಿ, ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಂಡುಕೊಂಡ ವಿಧಾನ. ಕಡ್ಡಿಯಿಂದ ಹೂವಿನ ತೆಳು ಪರದೆ ಎತ್ತಿ, ಹೆಬ್ಬೆರಳಿನಿಂದ ಒತ್ತುವುದು. ನಿಮ್ಮ ಅಪ್ಪಯ್ಯ ಸಿದ್ದಾಪುರದಲ್ಲಿ ಮಾಡಿದ್ದೂ ಅದನ್ನೇ. ಪಾಪಾಂತ್ಲಾದ ಏಕಸ್ವಾಮ್ಯ ಮುರಿದದ್ದು ಆ ಹುಡುಗನ ಬೆರಳು. ಅವನಿಗೆ ಅದರಿಂದ ಏನೂ ಸಿಗಲಿಲ್ಲ. ನನಗೆ ಈ ಬೆಳೆಯ ಇತಿಹಾಸದಲ್ಲೇ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು.

ಜೇನುಹುಟ್ಟು

ಮೆಕ್ಸಿಕೋದಲ್ಲಿ ಪರಾಗಸ್ಪರ್ಶ ಮಾಡುತ್ತಿದ್ದದ್ದು ಮೆಲಿಪೋನಾ ಎಂಬ ಕೊಂಡಿಯಿಲ್ಲದ ಜೇನು, ನಮ್ಮ ಮಿಸರಿ ಜೇನಿನ ಬಳಗದ್ದು. ಆ ಜೇನು ಬೇರೆ ದೇಶದಲ್ಲಿ ಇರಲಿಲ್ಲ, ಅದಕ್ಕೇ ಅಲ್ಲೆಲ್ಲ ಕೋಡು ಕಟ್ಟಲಿಲ್ಲ.

ಬಳ್ಳಿಮನೆ

@ಜೇನುಹುಟ್ಟು ಎಲ್ಲ ಕಡೆ ಹಾಗೆಯೇ ಬರೆಯುತ್ತಾರೆ, ಆದರೆ ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಆರ್ಕಿಡ್‌ಗಳ ಮೇಲೆ ಕೆಲಸ ಮಾಡುವವರು ಈಗ ಯೂಗ್ಲೋಸಾ ಜಾತಿಯ ಹೊಳೆಯುವ ಹಸಿರು ಜೇನಿನ ಕಡೆ ಬೆರಳು ತೋರಿಸುತ್ತಾರೆ. ಯಾವುದೇ ಜೇನಾಗಲಿ, ಕಾಡಿನಲ್ಲಿ 100 ಹೂವಿಗೆ ಒಂದು ಕೋಡು ಕಟ್ಟಿದರೆ ಅದೇ ಹೆಚ್ಚು. ಹಾಗಾಗಿ ಇಂದು ಪಾಪಾಂತ್ಲಾದಲ್ಲೂ ಕೈಯೇ ಗತಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಹತ್ತಿರದ ಹಿಕಾಲ್ತೆಪೆಕ್‌ನಲ್ಲಿ ನೆಲೆಸಿದ್ದ ಫ್ರೆಂಚ್ ರೈತರಿಂದ ಆ ವಿದ್ಯೆ ಇಲ್ಲಿಗೆ ಬಂತು. ತವರಿನವರೇ ಹೊರಗಿನಿಂದ ಕಲಿಯಬೇಕಾಯಿತು.

ಜೇನುಹುಟ್ಟು

ಮಿಸರಿ ವಿಷಯದಲ್ಲಿ ತಿದ್ದಿಕೊಂಡೆ. ಆದರೂ ಅಲ್ಲಿನ ಗುಡ್ಡಗಾಡಿನವರು ಕೊಂಡಿಯಿಲ್ಲದ ಜೇನನ್ನು ಮಡಕೆಯಲ್ಲಿ ಸಾಕುವುದು ಸತ್ಯ. ಒಂದರ ಬಾಯಿಗೆ ಇನ್ನೊಂದು ಮಡಕೆ ಕವುಚಿ ಸಂದಿಗೆ ಮಣ್ಣು ಮೆತ್ತುತ್ತಾರೆ. ಸಿಕ್ಕರೆ ನೋಡಿಬನ್ನಿ.

ಹಾದಿಬದಿ

ನಾನು ಹೋಗಿದ್ದೇನೆ, ಹಾರುವವರ ಬಗ್ಗೆ ನಾನೇ ಬರೆಯುತ್ತೇನೆ. ಎಲ್ಲರೂ ಅದನ್ನು ಸರ್ಕಸ್ ಎಂಬಂತೆ ಮಾತನಾಡುವುದು ನನಗೆ ಸಹಿಸುವುದಿಲ್ಲ.

ಚರ್ಚಿನ ಅಂಗಳದಲ್ಲಿ ಕಂಬ. ಐವರು ಬರುತ್ತಾರೆ. ಕೆಂಪು ಷರಾಯಿ, ಬಿಳಿ ಅಂಗಿ, ಹೆಗಲ ಮೇಲೆ ಕಸೂತಿಯ ಅರ್ಧಚಂದ್ರಾಕಾರದ ಬಟ್ಟೆ, ತಲೆಯ ಮೇಲೆ ಪುಟ್ಟ ಕನ್ನಡಿಗಳೂ ಬಣ್ಣದ ರಿಬ್ಬನ್‌ಗಳೂ ಇರುವ ಚೂಪು ಟೋಪಿ. ಮೊದಲು ಕಂಬದ ಸುತ್ತ ಕುಣಿತ, ಆಮೇಲೆ ಒಬ್ಬೊಬ್ಬರಾಗಿ ಹತ್ತುತ್ತಾರೆ. ನಾಲ್ವರು ತುದಿಯ ಚೌಕಟ್ಟಿನ ನಾಲ್ಕು ಬದಿಗೆ ಕುಳಿತು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಐದನೆಯವನು ಕಾಪೊರಾಲ್. ಅವನಿಗೆ ಹಗ್ಗವಿಲ್ಲ. ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಮರದ ಗುಬುಟು, ಅದರ ಮೇಲೆ ನಿಲ್ಲುತ್ತಾನೆ. ಒಂದೇ ಕೈಯಲ್ಲಿ ಕೊಳಲು, ಆ ಕೈಗೇ ತೂಗುಹಾಕಿದ ಅಂಗೈಯಗಲದ ಚಿಕ್ಕ ತಮಟೆ, ಇನ್ನೊಂದು ಕೈಯಲ್ಲಿ ಕಡ್ಡಿ. ನಾಲ್ಕು ದಿಕ್ಕಿಗೂ ತಿರುಗಿ ನುಡಿಸುತ್ತಾನೆ, ಹಿಂದಕ್ಕೆ ಬಾಗಿ ಆಕಾಶ ನೋಡುತ್ತಾ ನುಡಿಸುತ್ತಾನೆ. ಅವನ ಬೂಟಿನ ಹಿಮ್ಮಡಿ ಅಂಚಿನಿಂದ ಹೊರಗಿದ್ದದ್ದು ನನಗೆ ಕೆಳಗಿನಿಂದಲೂ ಕಾಣಿಸಿತು.

ಆಮೇಲೆ ನಾಲ್ವರೂ ಒಟ್ಟಿಗೆ ಹಿಂದಕ್ಕೆ ಒರಗಿ ಬೀಳುತ್ತಾರೆ. ತಲೆ ಕೆಳಗಾಗಿ, ಕೈ ಚಾಚಿ, ಸುತ್ತು ಹಾಕುತ್ತಾ, ಸುತ್ತು ಅಗಲವಾಗುತ್ತಾ ಇಳಿಯುತ್ತಾರೆ. ಒಬ್ಬೊಬ್ಬರಿಗೆ 13 ಸುತ್ತು, ನಾಲ್ವರಿಗೆ 52. ಅವರ ಹಳೆಯ ಪಂಚಾಂಗದಲ್ಲಿ 52 ವರ್ಷಕ್ಕೆ ಒಂದು ಆವರ್ತ, ನಮ್ಮಲ್ಲಿ 60 ಸಂವತ್ಸರ ಇದ್ದಂತೆ. ಒಮ್ಮೆ ಭೀಕರ ಬರ ಬಂದಾಗ ಮಳೆಗಾಗಿ ಈ ಆಚರಣೆ ಹುಟ್ಟಿತು ಎನ್ನುತ್ತಾರೆ. 2009ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗದ್ದೆಯಂಚು

ಇದು ನಮ್ಮ ಸಿಡಿಯಂತೆಯೇ ಇದೆಯಲ್ಲ! ಮಳವಳ್ಳಿ ಪಟ್ಟಲದಮ್ಮನ ಸಿಡಿ ನೋಡಿದ್ದೇನೆ. ಅಲ್ಲಿಂದ ಇಲ್ಲಿಗೋ ಇಲ್ಲಿಂದ ಅಲ್ಲಿಗೋ ಹೋಗಿರಬೇಕು.

ಹಾದಿಬದಿ

@ಗದ್ದೆಯಂಚು ದಯವಿಟ್ಟು ಹಾಗೆ ಹೇಳಬೇಡಿ. ಸಿಡಿ ಹರಕೆಯದು, ಕೊಕ್ಕೆ ಮತ್ತು ಅಡ್ಡಮರದ್ದು. ಇದು ದಿಕ್ಕು, ಪಂಚಾಂಗ, ಮಳೆಯದು. ಎರಡು ಕಡೆಯ ಮನುಷ್ಯರಿಗೂ ಎತ್ತರದ ಮರದ ತುದಿಯಲ್ಲಿ ದೇವರು ಹತ್ತಿರವೆನಿಸಿರಬಹುದು, ಅಷ್ಟೇ. ತೊತೊನಾಕರ ಸೃಷ್ಟಿಯನ್ನು ಅವರಿಗೇ ಬಿಡೋಣ.

ಗದ್ದೆಯಂಚು

ಸರಿ, ನಂಟು ಹೇಳುವುದು ಬಿಟ್ಟೆ. ಹೋಲಿಕೆ ಮಾತ್ರ ಬಿಡಲಾರೆ. ಕಂಬಕ್ಕೆ ಮರ ಕಡಿಯುವ ಮುನ್ನ ಪೂಜೆ ಏನಾದರೂ ಇದೆಯೇ?

ಹಾದಿಬದಿ

ಇದೆ. ಕಾಡಿನ ಒಡೆಯನಾದ ಕಿವಿಕೋಲೊ ಎಂಬ ಮುದುಕ ದೇವರ ಕ್ಷಮೆ ಕೇಳಿ ಕಡಿಯುತ್ತಾರೆ. ಮರ ನೆಡುವ ಗುಂಡಿಯಲ್ಲಿ ಕೋಳಿ, ಹೆಂಡ, ಹೊಗೆಸೊಪ್ಪು ಇಡುತ್ತಾರೆ, ಕಂಬ ಹಸಿದು ಹಾರುವವರನ್ನೇ ಬೇಡದಿರಲಿ ಎಂದು. ಆದರೆ ಅಷ್ಟು ಉದ್ದದ ನೆಟ್ಟನೆಯ ಮರ ಈಗ ಸುಲಭವಾಗಿ ಸಿಗುವುದಿಲ್ಲ. ಕಾಡು ಹುಲ್ಲುಗಾವಲಾಗಿದೆ, ಕಿತ್ತಳೆ ತೋಟವಾಗಿದೆ. ಅದಕ್ಕೇ ಹಲವು ಕಡೆ ಕಬ್ಬಿಣದ ಕಂಬ ಬಂದಿದೆ.

ನೇರಮಾತು

ಕಬ್ಬಿಣದ ಕಂಬ, ಪ್ರವಾಸಿಗರ ಮುಂದೆ ದಿನಕ್ಕೆ ಹಲವು ಸಲ ಹಾರಾಟ, ಕೊನೆಗೆ ಟೋಪಿ ಹಿಡಿದು ಹಣ. ಇದನ್ನು ಆಚರಣೆ ಎನ್ನುವುದು ಹೇಗೆ?

ಹಾದಿಬದಿ

@ನೇರಮಾತು ಹಾರುವವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಯಕ್ಷಗಾನದ ಮೇಳ ಟಿಕೆಟ್ ಇಟ್ಟಾಗ ಭಾಗವತರ ಭಕ್ತಿ ಕಡಿಮೆಯಾಯಿತೇ? ಹಗ್ಗ ಜಾರಿದರೆ ಸಾಯುವವನು ಅವನು. ಅವನು ಹಣ ಕೇಳುವುದನ್ನು ಕೆಳಗೆ ನೆರಳಲ್ಲಿ ಕುಳಿತವರು ಪ್ರಶ್ನಿಸಬಾರದು. ಎಲ್ ತಾಹೀನ್ ಎಂಬ ಪ್ರಾಚೀನ ನಗರದ ಪಕ್ಕದಲ್ಲಿ ಮಕ್ಕಳಿಗೆ ಕಲಿಸುವ ಶಾಲೆಯೇ ಇದೆ. ಅಲ್ಲಿ ಕೊಳಲು, ಕುಣಿತ, ಕಾಡಿನ ಮರ್ಯಾದೆ ಎಲ್ಲ ಕಲಿತ ಮೇಲೆಯೇ ಕಂಬ.

ಸಂಜೆಮಲ್ಲಿಗೆ

ಹೆಣ್ಣುಮಕ್ಕಳು ಹಾರುತ್ತಾರೆಯೇ?

ಕಡಲತೀರ

@ಸಂಜೆಮಲ್ಲಿಗೆ ಪಕ್ಕದ ಪುಯೆಬ್ಲಾ ರಾಜ್ಯದ ಕ್ವೆತ್ಸಾಲಾನ್ ಕಡೆ ಹಾರುತ್ತಾರೆ ಮೇಡಂ. ಪಾಪಾಂತ್ಲಾದ ಹಿರಿಯರಲ್ಲಿ ಅನೇಕರು ಇಂದಿಗೂ ಒಪ್ಪುವುದಿಲ್ಲ. ಊರೊಳಗೆ ಇದೇ ಒಂದು ದೊಡ್ಡ ವಾದ.

ಶಿಲಾಶಾಸನ

ಎಲ್ ತಾಹೀನ್ ಬಗ್ಗೆ ಯಾರೂ ಬರೆಯಲೇ ಇಲ್ಲ. ಊರಿನಿಂದ ವ್ಯಾನಿನಲ್ಲಿ ಅರ್ಧ ತಾಸಿನೊಳಗೆ ತಲುಪುತ್ತೀರಿ. ಕ್ರಿ.ಶ. 800ರಿಂದ 1200ರವರೆಗೆ ಏಳಿಗೆಯಲ್ಲಿದ್ದ ನಗರ, 1992ರಿಂದ ವಿಶ್ವ ಪರಂಪರೆಯ ತಾಣ. ತೊತೊನಾಕ್ ಭಾಷೆಯಲ್ಲಿ ತಾಹೀನ್ ಎಂದರೆ ಗುಡುಗು. ಗೂಡುಗಳ ಪಿರಮಿಡ್ಡು ನೋಡಲೇಬೇಕು. ಎತ್ತರ ಸುಮಾರು 20 ಮೀಟರ್ ಇರಬಹುದು, ಆದರೆ ಮೈತುಂಬ ಚೌಕ ಗೂಡುಗಳು, ಒಟ್ಟು 365, ವರ್ಷದ ದಿನಕ್ಕೊಂದು. ಚೆಂಡಾಟದ ಅಂಗಳಗಳೇ 17ಕ್ಕೆ ಕಡಿಮೆಯಿಲ್ಲ. 1785ರಲ್ಲಿ ದಿಯೇಗೋ ರುಯಿಸ್ ಎಂಬ ಸರ್ಕಾರಿ ಅಧಿಕಾರಿ ಕದ್ದು ಬೆಳೆಯುವ ಹೊಗೆಸೊಪ್ಪನ್ನು ಹುಡುಕುತ್ತಾ ಹೋಗಿ ಇದನ್ನು ಕಂಡುಹಿಡಿದ.

ನೇರಮಾತು

"ಕಂಡುಹಿಡಿದ" ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ತೊತೊನಾಕರಿಗೆ ಅದು ಇರುವುದು ಗೊತ್ತೇ ಇತ್ತು, ಹೊರಗಿನವರಿಗೆ ಹೇಳಿರಲಿಲ್ಲ. ಅವನು ಕಂಡ, ಪತ್ರಿಕೆಯಲ್ಲಿ ಬಂತು, ಅಷ್ಟೇ. ಹಂಪೆಯನ್ನು ಇಂಗ್ಲಿಷ್ ಅಧಿಕಾರಿ ಕಂಡುಹಿಡಿದ ಎಂದರೆ ನಮಗೆ ಹೇಗಿರುತ್ತದೆ?

ಶಿಲಾಶಾಸನ

ಒಪ್ಪಿದೆ. "ವರದಿ ಮಾಡಿದ" ಎಂದು ಓದಿಕೊಳ್ಳಿ.

ಲೆಕ್ಕಪತ್ರ

365 ಎಂಬುದು ಎಣಿಸುವವರ ಮೇಲೆ ಹೋಗುತ್ತದೆ. ಮೆಟ್ಟಿಲ ಕೆಳಗೆ ಮುಚ್ಚಿಹೋದ ಗೂಡು, ನೆತ್ತಿಯ ಮೇಲೆ ಬಿದ್ದುಹೋದ ಗೂಡು ಎಲ್ಲ ಸೇರಿಸಿದರೆ ಆ ಸಂಖ್ಯೆ. ಕಣ್ಣಿಗೆ ಕಾಣುವಷ್ಟನ್ನೇ ಎಣಿಸಿ ಸುಳ್ಳು ಎನ್ನಬೇಡಿ.

ಕೊಟ್ಟಿಗೆಹಾರ

ಸೊಪ್ಪಿನಬೆಟ್ಟದವರೇ, ನಿಮ್ಮ ಬರಹ ಓದಿ ನನ್ನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಎದ್ದಿತು. ನಮ್ಮದು ಮೂಡಿಗೆರೆ ಕಡೆ. 2003ರಲ್ಲಿ ಹಸಿ ಕೋಡು ಕಿಲೋಗೆ 3,000 ರೂಪಾಯಿ ದಾಟಿದಾಗ ಕಾಫಿ ಗಿಡಗಳ ನಡುವೆ ಟಾರ್ಚ್ ಹಿಡಿದು ರಾತ್ರಿಯೆಲ್ಲ ಕಾವಲು ಕಾದಿದ್ದೇವೆ. ನಾಯಿ ಸಾಕಿದೆವು, ತಂತಿ ಎಳೆದೆವು. ಎರಡು ವರ್ಷ ಕಳೆಯುವುದರೊಳಗೆ 100 ರೂಪಾಯಿಗೂ ಕೇಳುವವರಿಲ್ಲ. ಊರಿಗೆ ಬಂದು ಮುಂಗಡ ಕೊಡುತ್ತೇನೆಂದವನು ಫೋನ್ ಎತ್ತಲಿಲ್ಲ. ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತ ಬಂದದ್ದಕ್ಕೆ ನಮ್ಮಲ್ಲಿ ಬೆಲೆ ಏರಿತ್ತು, ಅವರ ಬಳ್ಳಿ ಚಿಗುರಿದ್ದಕ್ಕೆ ಇಲ್ಲಿ ಇಳಿಯಿತು ಎಂಬುದು ಆಮೇಲೆ ತಿಳಿಯಿತು. ಆ ಪಾಪಾಂತ್ಲಾದವರಿಗೂ ಹೀಗೆಲ್ಲ ಆಗಿತ್ತೇ?

ಬಳ್ಳಿಮನೆ

@ಕೊಟ್ಟಿಗೆಹಾರ ನಿಮಗಿಂತ 100 ವರ್ಷ ಮೊದಲೇ ಆಗಿತ್ತು ಅಣ್ಣ. ಕಳ್ಳತನ ಎಷ್ಟಿತ್ತೆಂದರೆ, ಕೋಡು ಎಳೆಯದಾಗಿರುವಾಗಲೇ ಸೂಜಿಯಿಂದ ಚುಚ್ಚಿ ತಮ್ಮ ಗುರುತು ಹಾಕುತ್ತಿದ್ದರು. ಕೋಡು ಬಲಿತಂತೆ ಆ ಚುಕ್ಕೆಗಳು ಗಾಯ ಮಾಗಿದ ಕಲೆಯಂತೆ ಉಳಿಯುತ್ತವೆ. ಹಸುವಿಗೆ ಬರೆ ಹಾಕಿದಂತೆ. ಕಳ್ಳರ ಭಯಕ್ಕೆ ಬಲಿಯುವ ಮೊದಲೇ ಕೀಳುವವರು, ಅದರಿಂದ ಸರಕಿನ ಹೆಸರು ಕೆಡುವುದು, ಎಲ್ಲವೂ ಇತ್ತು. ಒಂಬತ್ತು ತಿಂಗಳು ಕಾಯುವುದು ಕೈಯಲ್ಲಿ ಕಾಸಿಲ್ಲದವನಿಗೆ ಸುಲಭವಲ್ಲ.

ಹೊಡೆತ ಬಿದ್ದದ್ದು ಬೆಲೆಯಿಂದ ಮಾತ್ರವಲ್ಲ. ತೊತೊನಾಕರ ಭೂಮಿ ಊರೊಟ್ಟಿನದಾಗಿತ್ತು. ವೆನಿಲ್ಲಾದ ದುಡ್ಡು ಹರಿದು ಬಂದಾಗ ನೆಲಕ್ಕೂ ಬೆಲೆ ಬಂತು. 1870ರ ದಶಕದಿಂದ ಆ ಭೂಮಿಯನ್ನು ಪಾಲುದಾರಿಕೆಯ ದೊಡ್ಡ ಹಿಡುವಳಿಗಳಾಗಿ ಮಾಡಿದರು, 1890ರ ದಶಕದಲ್ಲಿ ತುಂಡು ತುಂಡಾಗಿ ಹಂಚಿದರು. ಕಾಗದ ಓದಲು ಬಂದವರಿಗೆ, ವ್ಯಾಪಾರಿಗಳಿಗೆ, ಊರ ಪ್ರಮುಖರಿಗೆ ಹೆಚ್ಚು ಸಿಕ್ಕಿತು. ಪ್ರಮುಖರಲ್ಲಿ ತೊತೊನಾಕರೂ ಇದ್ದರು ಎಂಬುದನ್ನು ಮರೆಯಬಾರದು. ಉಳಿದವರು ದಂಗೆಯೆದ್ದರು. 1896ರ ದಂಗೆಯನ್ನು ಸೈನ್ಯ ಬಂದು ಅಡಗಿಸಿತು. ಬೆಳೆ ಶ್ರೀಮಂತವಾಯಿತು, ಬೆಳೆದವನು ನೆಲ ಕಳೆದುಕೊಂಡ.

ನೇರಮಾತು

ಇದಕ್ಕೂ ಮೊದಲೇ ಅವರು ಹೋರಾಡಿದ ಜನ. ಊರಿನ ಪೂರ್ತಿ ಹೆಸರು ಪಾಪಾಂತ್ಲಾ ದೆ ಒಲಾರ್ತೆ. ಸ್ಪೇನ್ ವಿರುದ್ಧ ಈ ಗುಡ್ಡಗಳಲ್ಲಿ ವರ್ಷಗಟ್ಟಲೆ ಹೋರಾಡಿದ ಸೆರಾಫಿನ್ ಒಲಾರ್ತೆ ಎಂಬ ತೊತೊನಾಕ್ ನಾಯಕನ ನೆನಪಿಗೆ. 1836ರಲ್ಲಿ ಮರಿಯಾನೋ ಒಲಾರ್ತೆ ಮತ್ತೆ ಬಂಡೆದ್ದ. ಅದಕ್ಕೆ ಒಂದು ಕಾರಣ, ತೊತೊನಾಕರು ತಮ್ಮ ರೀತಿಯಲ್ಲಿ ಆಚರಿಸುತ್ತಿದ್ದ ಪವಿತ್ರ ವಾರವನ್ನು ಬಿಷಪ್ ನಿಷೇಧಿಸಿದ್ದು.

ಹೊಸಬ_42

"ಪಾಪಾಂತ್ಲಾ" ಎಂದರೇನು?

ಕಡಲತೀರ

ಪಪಾನ್ ಎಂಬ ಗದ್ದಲದ ಹಕ್ಕಿಯಿದೆ, ಕಾಗೆಯ ಬಳಗದ್ದು, ಕಂದು ಬಣ್ಣ. ಆ ಹಕ್ಕಿಗಳಿರುವ ಜಾಗ ಎಂದು ಅಜ್ಟೆಕರ ನಾವಾತ್ಲ್ ಭಾಷೆಯಲ್ಲಿ ಅರ್ಥ ಹೇಳುತ್ತಾರೆ.

ಲೆಕ್ಕಪತ್ರ

ಪೆಟ್ರೋಲಿಯಂ ವಿಷಯ ಬಿಟ್ಟುಹೋಗಿದೆ. ಸುಮಾರು 20 ಕಿಲೋಮೀಟರ್ ದೂರದ ಪೋಸಾ ರೀಕಾ ಎಣ್ಣೆಬಾವಿಗಳಿಂದಲೇ ಬೆಳೆದ ನಗರ. 1938ರಲ್ಲಿ ಮೆಕ್ಸಿಕೋ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಿಸಿತು. ಸಂಬಳದ ಕೆಲಸ ಸಿಕ್ಕ ಮೇಲೆ ಹೂವಿಗೆ ಕಡ್ಡಿ ಹಿಡಿದು ನಿಲ್ಲುವವರು ಯಾರು? ಜೊತೆಗೆ 1874ರಿಂದ ವೆನಿಲಿನ್, ಎಂದರೆ ಪ್ರಯೋಗಾಲಯದಲ್ಲಿ ಮಾಡಿದ ವೆನಿಲ್ಲಾ ಪರಿಮಳ ಬೇರೆ. ಪಾಪಾಂತ್ಲಾದ ಚರ್ಚಿನ ಕೆಳಗಿನ ಗೋಡೆಯಲ್ಲಿ 84 ಮೀಟರ್ ಉದ್ದದ ಉಬ್ಬುಶಿಲ್ಪವಿದೆ. ಊರಿನವರೇ ಆದ ತೆಯೊದೊರೊ ಕಾನೋ 1979ರಲ್ಲಿ ಮಾಡಿದ್ದು. ಗರಿಗಳ ಸರ್ಪದ ಮೈಯುದ್ದಕ್ಕೂ ತೊತೊನಾಕ್ ಇತಿಹಾಸ, ಅದರಲ್ಲಿ ಎಣ್ಣೆಬಾವಿಯ ಗೋಪುರವೂ ಇದೆ. ಬೆಟ್ಟದ ಮೇಲಿನ 18 ಮೀಟರ್ ಎತ್ತರದ ಕೊಳಲೂದುವ ವೊಲಾದೋರ್ ಕೂಡ ಅವರದೇ, 1988ರದು.

ಅಡುಗೆಮನೆ

ನಿಮ್ಮ ತಂದೆತಾಯಿ ಸಸ್ಯಾಹಾರಿಗಳೇ? ಹಾಗಿದ್ದರೆ ಪುಲಾಕ್ಲೆ ಹುಡುಕಿ. ಮೆಕ್ಕೆಜೋಳದ ಹಿಟ್ಟಿನೊಳಗೆ ಹುರುಳಿಕಾಳಿನಂಥ ಕಪ್ಪು ಅವರೆ, ಕುಂಬಳ ಬೀಜದ ಪುಡಿ, ಸೀಮೆಬದನೆ ಸೇರಿಸಿ ಎಲೆಯಲ್ಲಿ ಕಟ್ಟಿ ಬೇಯಿಸಿದ್ದು. ನಮ್ಮ ಕೊಟ್ಟೆ ಕಡುಬಿನ ನೆನಪು ಬರುತ್ತದೆ. ಅದರಲ್ಲಿ ಅಕೂಯೋ ಎಂಬ ಎಲೆಯ ಘಮ. ಆ ಗಿಡ ವೀಳ್ಯದೆಲೆ, ಕಾಳುಮೆಣಸಿನ ಕುಲದ್ದು. ಆದರೆ ಎಚ್ಚರ, ಹಿಟ್ಟಿಗೆ ಹಂದಿಕೊಬ್ಬು ಹಾಕುವುದುಂಟು. "ಸಿನ್ ಮಾಂತೇಕಾ" ಎಂದು ಕೇಳಿಯೇ ತಿನ್ನಿ. ಸಾಕಾವಿಲ್ ಎಂಬ ಆಳುದ್ದದ ಕಡುಬು ಪೂರ್ತಿ ಮಾಂಸದ್ದು.

ಸಂಜೆಮಲ್ಲಿಗೆ

ಸೀಮೆಬದನೆ ಅಲ್ಲಿಂದ ಬಂದದ್ದೇ? ನನಗೆ ಗೊತ್ತಿರಲಿಲ್ಲ.

ಅಡುಗೆಮನೆ

ಮೆಕ್ಸಿಕೋ ಮತ್ತು ಅದರ ನೆರೆಯ ನಾಡಿನದು. "ಸೀಮೆ" ಎಂದು ನಮ್ಮವರು ಗುರುತು ಹಾಕಿಯೇ ಕರೆದಿದ್ದಾರಲ್ಲ. ಚಿಕ್ಕು, ಸಪೋಟ ಎರಡೂ ಅಲ್ಲಿನ ಚಿಕೊಸಪೋತೆ ಎಂಬ ಒಂದೇ ಹೆಸರಿನ ಎರಡು ತುಂಡು. ಹಸಿಮೆಣಸಿನಕಾಯಿಯೂ ಆ ನಾಡಿನದೇ. ನಾವು ಅವರ ಅರ್ಧ ತೋಟವನ್ನು ಉಣ್ಣುತ್ತಿದ್ದೇವೆ.

ಕೊಟ್ಟಿಗೆಹಾರ

ಗ್ಲಿರಿಸಿಡಿಯಾ ಕೂಡ! ವೆನಿಲ್ಲಾಕ್ಕೆ ಆಸರೆಯಾಗಿ ನಾವು ನೆಟ್ಟದ್ದು ಅದನ್ನೇ. ಬಳ್ಳಿ ಹೋಯಿತು, ಆಸರೆ ಮರ ಇಂದಿಗೂ ಸೊಪ್ಪು ಕೊಡುತ್ತಿದೆ.

ಕಡಲತೀರ

ಒಂದು ಎಚ್ಚರಿಕೆ. ರಸ್ತೆ ಬದಿಯಲ್ಲಿ ದೊಡ್ಡ ಬಾಟಲಿಯಲ್ಲಿ ಅಗ್ಗಕ್ಕೆ ಸಿಗುವ "ವೆನಿಲ್ಲಾ ಸಾರ" ಕೊಳ್ಳಬೇಡಿ. ಕೂಮರಿನ್ ಎಂಬ ರಾಸಾಯನಿಕ ಬೆರೆಸಿದ ಬಾಟಲಿಗಳಿರುತ್ತಿದ್ದವು. ಅದು ಯಕೃತ್ತಿಗೆ ಕೆಡುಕು, ಅಮೆರಿಕ 1954ರಲ್ಲೇ ಆಹಾರದಲ್ಲಿ ನಿಷೇಧಿಸಿದೆ. 2009ರಿಂದ "ಪಾಪಾಂತ್ಲಾ ವೆನಿಲ್ಲಾ" ಎಂಬ ಹೆಸರಿಗೆ ಮೂಲಸ್ಥಾನದ ಕಾನೂನು ರಕ್ಷಣೆಯಿದೆ. ಇಡೀ ಕೋಡು ಕೊಳ್ಳಿ, ಬೆರಳಿಗೆ ಸುತ್ತಿ ನೋಡಿ, ಮುರಿಯದೆ ಬಾಗಬೇಕು.

ನೇರಮಾತು

ಊರಿಗೆ 2006ರಲ್ಲಿ "ಮಾಂತ್ರಿಕ ಊರು" ಎಂಬ ಸರ್ಕಾರಿ ಪ್ರವಾಸಿ ಪಟ್ಟ ಬಂತು, 2009ರಲ್ಲಿ ಕಿತ್ತುಕೊಂಡರು, 2012ರಲ್ಲಿ ಮರಳಿ ಕೊಟ್ಟರು. ಪಟ್ಟ ಇರಲಿ ಬಿಡಲಿ, ಊರು ಊರೇ. ಸಂತೆಯಲ್ಲಿ ತೊತೊನಾಕ್ ಮಾತು ಕಿವಿಗೆ ಬೀಳುತ್ತದೆ, ಅದನ್ನು ಕೇಳಿಸಿಕೊಂಡು ಬನ್ನಿ. ದೇಶದಲ್ಲಿ ಆ ನುಡಿಯಾಡುವವರು ಸುಮಾರು 2.5 ಲಕ್ಷ ಮಾತ್ರ.

ಸೊಪ್ಪಿನಬೆಟ್ಟ

ಹೋಗಿ ಬಂದೆವು. ನಿಮ್ಮೆಲ್ಲರ ಮಾತೂ ಉಪಯೋಗಕ್ಕೆ ಬಂತು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾರುವವರಲ್ಲದೆ ಗುವಾಗುವಾಸ್, ನೆಗ್ರೀತೋಸ್ ಕುಣಿತಗಳೂ ಇದ್ದವು. ಅಮ್ಮ ಕಾಪೊರಾಲ್ ತುದಿಯಲ್ಲಿ ಎದ್ದು ನಿಂತಾಗ ಕಣ್ಣು ಮುಚ್ಚಿದವರು, ನಾಲ್ವರೂ ನೆಲ ಮುಟ್ಟಿದ ಮೇಲೆಯೇ ತೆರೆದದ್ದು. ತಾಹೀನ್‌ನಲ್ಲಿ ಅಪ್ಪಯ್ಯ ಗೂಡುಗಳನ್ನು ಎಣಿಸಲು ಹೊರಟು ಬಿಸಿಲಿಗೆ ಸೋತು ಬಿಟ್ಟರು.

ಮೂರನೆಯ ದಿನ ಒಬ್ಬ ಬೆಳೆಗಾರರ ತೋಟಕ್ಕೆ ಹೋದೆವು. ಕಿತ್ತಳೆ ಮರಗಳಿಗೆ ಬಳ್ಳಿ ಹಬ್ಬಿಸಿದ್ದರು, ನಡುವೆ ಕೊಕುಯಿತೆ ಎಂಬ ಮರ. ಅಪ್ಪಯ್ಯ ಎಲೆ ಕಿತ್ತು ಮೂಸಿ, "ಇದು ನಮ್ಮ ಗೊಬ್ಬರದ ಗಿಡ" ಎಂದರು. ಕೊಟ್ಟಿಗೆಹಾರದವರು ಹೇಳಿದ ಗ್ಲಿರಿಸಿಡಿಯಾ ಅದೇ. ಹೂವಿನ ಕಾಲ ಮುಗಿದು ಗೊಂಚಲುಗಳಲ್ಲಿ ಹಸಿರು ಕೋಡುಗಳಿದ್ದವು. ಅಪ್ಪಯ್ಯ ಒಂದು ಗೊಂಚಲಿನ ಕೆಳಗೆ ಅಂಗೈ ಇಟ್ಟು, ಕೀಳದೆ, ತೂಕ ನೋಡುವವರಂತೆ ಸ್ವಲ್ಪ ಎತ್ತಿದರು. ಆ ಬೆಳೆಗಾರರಿಗೂ 70ರ ಆಸುಪಾಸು, ಬಿಳಿ ಬಟ್ಟೆ, ಸೊಂಟದಲ್ಲಿ ಕತ್ತಿ. ಅವರು ನನ್ನ ಕಡೆ ತಿರುಗಿ, "ಇವರು ಗೊಂಚಲಿಗೆ ಎಷ್ಟು ಹೂ ಮುಟ್ಟಿಸುತ್ತಿದ್ದರು?" ಎಂದರು. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಅಪ್ಪಯ್ಯ ಎರಡೂ ಕೈಯ ಬೆರಳು ಎತ್ತಿ ಎಂಟು ತೋರಿಸಿದರು. ಕೆಳಮುಖದ ಹೂಗಳನ್ನು ಮಾತ್ರ, ಕೋಡು ನೇರವಾಗಿ ಇಳಿಯಲಿ ಎಂದು. ಅವರದೂ ಅದೇ ಲೆಕ್ಕ.

ಆಮೇಲೆ ನನ್ನ ಭಾಷಾಂತರಕ್ಕೆ ಬಿಡುವಿರಲಿಲ್ಲ. ನಾವು ಕೋಡನ್ನು ಬಿಸಿನೀರಿನಲ್ಲಿ ಅದ್ದಿ ಕಂಬಳಿಯಲ್ಲಿ ಸುತ್ತುತ್ತಿದ್ದೆವು. ಅವರು ಬಿಸಿಲಿಗೆ ಹಾಕಿ ಅಥವಾ ಗೂಡಿನಲ್ಲಿ ಕಾಯಿಸಿ, ಮರದ ಪೆಟ್ಟಿಗೆಯಲ್ಲಿ ಬೆವರಿಸಿ, ಮತ್ತೆ ಬಿಸಿಲು, ಮತ್ತೆ ಬೆವರು, ಹೀಗೆ ತಿಂಗಳುಗಟ್ಟಲೆ. ಐದಾರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಒಣಗಿದ್ದು, ಎರಡೂ ಕಡೆ ಅಷ್ಟೇ. ಬುಡ ಕೊಳೆಯುವ ರೋಗದ ಮಾತು ಬಂದಾಗ ಇಬ್ಬರೂ ಸುಮ್ಮನಾದರು. 2021ರ ಆಗಸ್ಟ್‌ನಲ್ಲಿ ಗ್ರೇಸ್ ಚಂಡಮಾರುತ ತೆಕೊಲುತ್ಲಾ ಬಳಿ ನೆಲಕ್ಕೆ ಬಂತಲ್ಲ, ಆ ರಾತ್ರಿ ಕಿತ್ತಳೆ ಮರಗಳು ಬಳ್ಳಿ ಸಮೇತ ಮಲಗಿದವಂತೆ. ಬೆಳಿಗ್ಗೆ ಎದ್ದು ಉಳಿದ ತುಂಡುಗಳನ್ನು ಆಯ್ದು ಮತ್ತೆ ನೆಟ್ಟರಂತೆ. ಅಪ್ಪಯ್ಯ "ಮತ್ತೆ ಯಾಕೆ ನೆಟ್ಟಿರಿ?" ಎಂದು ಕೇಳಿಸಿದರು. "ನಮ್ಮಪ್ಪನ ಬಳ್ಳಿಯ ತುಂಡುಗಳು" ಎಂದರು ಅವರು.

ಅಪ್ಪಯ್ಯ ಚೀಲದಿಂದ ನೋಟ್ ಪುಸ್ತಕ ತೆಗೆದರು. ಕನ್ನಡ ಅಂಕಿಗಳು, ಆ ಬೆಳೆಗಾರರಿಗೆ ಓದಲು ಬರುವುದಿಲ್ಲ. ಆದರೂ ಒಂದೊಂದೇ ಪುಟ ತಿರುಗಿಸಿದರು, ಅಡ್ಡಗೆರೆಯ ಕೆಳಗಿನ ಮೊತ್ತಗಳ ಮೇಲೆ ಬೆರಳಿಟ್ಟು ನನ್ನಿಂದ ಓದಿಸಿದರು. ಹೊರಡುವಾಗ ಅವರ ಹೆಂಡತಿ ಒಣಗಿದ ಕೋಡುಗಳನ್ನೇ ಹೆಣೆದು ಮಾಡಿದ ಒಂದು ಹೂವನ್ನು ಅಮ್ಮನ ಕೈಗಿಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಕೊಟ್ಟಿಗೆಹಾರ

ಓದಿ ಗಂಟಲು ಕಟ್ಟಿತು. ಬಳ್ಳಿಯ ತುಂಡು ತಂದಿರೇ?

ಸೊಪ್ಪಿನಬೆಟ್ಟ

ಇಲ್ಲ. ಅವರು ಕೊಡಲು ಬಂದರು, ಅಪ್ಪಯ್ಯನೇ ಬೇಡವೆಂದರು. ಗಿಡ ದೇಶ ದಾಟಿಸಲು ಪರವಾನಗಿ ಬೇಕು, ರೋಗವೂ ಜೊತೆಗೆ ಬರುತ್ತದೆ ಎಂದರು.

ಜೇನುಹುಟ್ಟು

ಅಲ್ಲಿ ಹೂ ಯಾವಾಗ ಶುರುವಂತೆ? ನಿಮ್ಮ ತೋಟಕ್ಕೂ ಅಲ್ಲಿಗೂ ಎಷ್ಟು ವ್ಯತ್ಯಾಸ?

ಸೊಪ್ಪಿನಬೆಟ್ಟ

ಅಲ್ಲಿ ಮಾರ್ಚ್ ಕೊನೆಯಿಂದ ಮೇವರೆಗೆ. ನಮ್ಮದು ನೋಟ್ ಪುಸ್ತಕ ನೋಡಿ ಹೇಳುತ್ತಿದ್ದೇನೆ: 2003ರಲ್ಲಿ ಮೊದಲ ಹೂ ಜನವರಿ 11, ಕೊನೆಯದು ಮಾರ್ಚ್ 22. ನಡುವೆ ಒಂದೇ ಒಂದು ದಿನ ಖಾಲಿ ಇದೆ. ಅಂದು ಮನೆಯಲ್ಲಿ ಅಕ್ಕನ ಮದುವೆ, ಬೆಳಗಿನ ಹೂವೆಲ್ಲ ಮಧ್ಯಾಹ್ನಕ್ಕೆ ಬಾಡಿಹೋಯಿತು ಎಂದು ಅಪ್ಪಯ್ಯ ಪಕ್ಕದಲ್ಲಿ ಬರೆದಿದ್ದಾರೆ.